ಕೋರಸ್ ಹಾಕಿದರೆ ಶ್ರುತಿ ತೇಲುತ್ತಿದೆ. ರೇಟ್, ಡೆಪ್ತ್ ಎಷ್ಟಿಡೋದು?

ಮಳೆಗಾಲದ ಮೈಕು · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಮನೆಯ ಒಂದು ಕೋಣೆಯಲ್ಲೇ ರೆಕಾರ್ಡಿಂಗ್ ಮಾಡುತ್ತೇನೆ. ಸಾಫ್ಟ್‌ವೇರ್ ರೀಪರ್. ಈಗ ಒಂದು ಭಾವಗೀತೆ ಕೈಯಲ್ಲಿದೆ. ಸಾಹಿತ್ಯ ಸ್ನೇಹಿತನದು, ರಾಗ ನನ್ನದು, ಹಾಡಿದ್ದು ನಮ್ಮ ಅತ್ತಿಗೆ. ಅವರು ಹನ್ನೆರಡು ವರ್ಷ ಕರ್ನಾಟಕ ಸಂಗೀತ ಕಲಿತವರು. ಐದು ಮನೆ ಶ್ರುತಿ, ಮಿಶ್ರ ಛಾಪು (ಏಳು ಎಣಿಕೆಯ ತಾಳ), ಟೆಂಪೋ 96. ಹಿಂದೆ ತಂಬೂರಿ, ಗಿಟಾರ್, ಒಂದು ಪ್ಯಾಡ್ (ಹಿಂದೆ ಉದ್ದಕ್ಕೆ ನಿಲ್ಲುವ ಕೀಬೋರ್ಡ್ ದನಿ), ಕೊಳಲು. ಇಷ್ಟೇ.

ಗಿಟಾರ್ ತೀರಾ ಒಣ ಅನಿಸಿತು. ಕೋರಸ್ ಎಫೆಕ್ಟ್ ಹಾಕಿದೆ. ರೇಟ್ (ಅಲುಗುವ ವೇಗ) 1 ಹರ್ಟ್ಜ್, ಡೆಪ್ತ್ (ಅಲುಗುವ ಅಳತೆ) 2 ಮಿಲಿಸೆಕೆಂಡ್, ಮಿಕ್ಸ್ (ಎಫೆಕ್ಟಿನ ಪಾಲು) 50. ಹೆಡ್‌ಫೋನಿನಲ್ಲಿ ಅಗಲವಾಗಿ, ಚೆನ್ನಾಗಿ ಕೇಳಿಸಿತು. ಅದೇ ಖುಷಿಯಲ್ಲಿ ತಂಬೂರಿಗೂ ಅದನ್ನೇ ಹಾಕಿದೆ. ಪ್ಯಾಡಿಗೆ ಟ್ರೆಮೊಲೊ (ದನಿಯ ಗಟ್ಟಿತನ ಏರಿಳಿಸುವುದು), ಟೆಂಪೋಗೆ ಸಿಂಕ್ ಮಾಡಿ. ಕೊಳಲಿನ ರಿವರ್ಬಿನಲ್ಲಿ ಮಾಡ್ಯುಲೇಷನ್ ಅಂತ ಒಂದು ನಾಬ್ ಇತ್ತು. ಅದನ್ನೂ ಅರ್ಧಕ್ಕೆ ತಿರುಗಿಸಿದೆ.

ಅತ್ತಿಗೆ ಕೇಳಿದರು. ನಾಲ್ಕು ಆವರ್ತ ಮುಗಿಯುವುದರೊಳಗೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. "ನಾನು ಪಂಚಮದಲ್ಲಿ ನಿಂತಿದ್ದೇನೆ. ನಿನ್ನ ಪಂಚಮ ಎಲ್ಲಿದೆ?" ಅಂದರು. ಆಮೇಲೆ ನನಗೂ ಅದೇ ಕೇಳಿಸತೊಡಗಿತು. ಈಗ ಬೇರೇನೂ ಕೇಳಿಸುತ್ತಿಲ್ಲ.

ಈ ನಾಬುಗಳನ್ನು ಯಾವ ಲೆಕ್ಕದಲ್ಲಿ ತಿರುಗಿಸಬೇಕು? ಇನ್ನೊಂದು ವಿಷಯ. ಟೆಂಪೋಗೆ ಸಿಂಕ್ ಮಾಡಿದ್ದರೂ ಪ್ಯಾಡಿನ ಟ್ರೆಮೊಲೊ ತಾಳ ತಪ್ಪಿದ ಹಾಗೆ ಕೇಳಿಸುತ್ತಿದೆ. ಅದು ಯಾಕೆ?

ಬಾಸ್‌ಲೈನ್ ಬಸವನಗುಡಿ · 9:47

ಮಿಕ್ಸ್ ಕಡಿಮೆ ಮಾಡಿ. 15 ಸಾಕು.

ಏಳು ತಂತಿ · 9:52

ಮೊದಲು ತಂಬೂರಿಯ ಮೇಲಿರುವ ಕೋರಸ್ ತೆಗೆಯಿರಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಸರ್ಕ್ಯೂಟು ಸುಬ್ಬು · 10:15

ಮಿಕ್ಸ್ ಇಳಿಸಿದರೆ ತೊಂದರೆ ಸಣ್ಣದಾಗಿ ಕೇಳಿಸುತ್ತದೆ, ಹೋಗುವುದಿಲ್ಲ. ಬೇರು ಬೇರೆ ಕಡೆ ಇದೆ.

ಕೋರಸ್ ಏನು ಮಾಡುತ್ತದೆ ಅಂದರೆ, ಬಂದ ದನಿಯ ಒಂದು ಪ್ರತಿ ತೆಗೆದು ಸ್ವಲ್ಪ ತಡವಾಗಿ ಬಿಡುತ್ತದೆ. ಸಾಮಾನ್ಯವಾಗಿ 15ರಿಂದ 30 ಮಿಲಿಸೆಕೆಂಡ್ ತಡ. ಆ ತಡವನ್ನು ಎಲ್‌ಎಫ್‌ಒ, ಅಂದರೆ ಒಳಗಿರುವ ಒಂದು ನಿಧಾನದ ಅಲೆ, ಹಿಂದೆ ಮುಂದೆ ತೂಗುತ್ತದೆ. ತಡ ಕಡಿಮೆ ಆಗುತ್ತಾ ಬರುವಾಗ ಸ್ವರ ಏರುತ್ತದೆ, ಜಾಸ್ತಿ ಆಗುತ್ತಾ ಹೋಗುವಾಗ ಇಳಿಯುತ್ತದೆ. ಸ್ಟೇಷನ್ನಿನಲ್ಲಿ ನಿಂತಾಗ ರೈಲಿನ ಹಾರನ್ ಹತ್ತಿರ ಬರುವಾಗ ಒಂದು ಸ್ವರ, ದಾಟಿ ಹೋದ ಮೇಲೆ ಇನ್ನೊಂದು ಸ್ವರ ಕೇಳಿಸುತ್ತದಲ್ಲ, ಅದೇ.

ಇಲ್ಲಿ ಮುಖ್ಯ ಮಾತು: ಸ್ವರ ಎಷ್ಟು ಅಲುಗುತ್ತದೆ ಅನ್ನುವುದು ಡೆಪ್ತ್ ಒಂದರ ಕೈಯಲ್ಲಿಲ್ಲ. ತಡ ಎಷ್ಟು *ಬೇಗ* ಬದಲಾಗುತ್ತದೆ ಅನ್ನುವುದರ ಮೇಲೆ ಇದೆ. ಅಂದರೆ ರೇಟ್, ಡೆಪ್ತ್ ಎರಡೂ ಗುಣಿಸಿ ಬರುವ ಲೆಕ್ಕ. ಸೈನ್ ಅಲೆ ಆದರೆ 6.28 × ರೇಟ್ × ಡೆಪ್ತ್. ನಿಮ್ಮದು 1 ಹರ್ಟ್ಜ್, 2 ಮಿಲಿಸೆಕೆಂಡ್. ಡೆಪ್ತನ್ನು ನಡುವಿನಿಂದ ಒಂದು ಕಡೆಗೆ ಅಂತ ಹಿಡಿದರೆ ಶೇಕಡಾ 1.26 ಬರುತ್ತದೆ. ಅಂದರೆ ಹೆಚ್ಚುಕಡಿಮೆ 22 ಸೆಂಟ್ ಮೇಲೆ, 22 ಸೆಂಟ್ ಕೆಳಗೆ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ 100 ಸೆಂಟ್. ಅದರಲ್ಲಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ನಿಮ್ಮ ಪಂಚಮ ಓಲಾಡುತ್ತಿದೆ. ಅತ್ತಿಗೆ ಹೇಳಿದ್ದು ನೂರಕ್ಕೆ ನೂರು ಸರಿ.

ಡೆಪ್ತ್ ಮುಟ್ಟಲೇಬೇಡಿ. ರೇಟನ್ನು 0.25ಕ್ಕೆ ಇಳಿಸಿ. ಅದೇ ಲೆಕ್ಕ 5.4 ಸೆಂಟಿಗೆ ಬರುತ್ತದೆ. ಅಗಲ ಹಾಗೇ ಉಳಿಯುತ್ತದೆ, ಓಲಾಟ ಹೋಗುತ್ತದೆ.

ಬಾಸ್‌ಲೈನ್ ಬಸವನಗುಡಿ · 10:21

ಸಾರ್, ಇಷ್ಟೆಲ್ಲ ಲೆಕ್ಕ ಹಾಕಿ ಯಾರು ಮಿಕ್ಸ್ ಮಾಡುತ್ತಾರೆ? ಕಿವಿ ಇರೋದು ಯಾಕೆ?

ಸರ್ಕ್ಯೂಟು ಸುಬ್ಬು · 10:29

ಕಿವಿ ಸೋತಿದ್ದಕ್ಕೇ ಅವರು ಇಲ್ಲಿ ಬಂದು ಕೇಳಿದ್ದು. ಒಂದೇ ಲೂಪ್ ಅರ್ಧ ಗಂಟೆ ಕೇಳಿದರೆ ಯಾರ ಕಿವಿಯಾದರೂ ಒಗ್ಗಿಹೋಗುತ್ತದೆ. ಲೆಕ್ಕ ಇರುವುದು ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯಲು. ಆಮೇಲೆ ಕಿವಿಯೇ.

ಬಹಳ ಪ್ಲಗಿನ್‌ಗಳಲ್ಲಿ ಡೆಪ್ತನ್ನು ಶೇಕಡಾದಲ್ಲಿ ಬರೆದಿರುತ್ತಾರೆ. ಆಗ ಲೆಕ್ಕವೂ ಆಗುವುದಿಲ್ಲ. ಅದಕ್ಕೆ ನಾನು ಮಾಡುವುದು ಇದು: ಮಿಕ್ಸ್ 100 ಮಾಡಿ, ಕೋರಸ್ಸಿನ ನಂತರ ಒಂದು ಟ್ಯೂನರ್ ಹಾಕುತ್ತೇನೆ. ಒಂದೇ ಸ್ವರ ಉದ್ದಕ್ಕೆ ನುಡಿಸುತ್ತೇನೆ. ಮುಳ್ಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನೋಡಿದರೆ ಸಾಕು. ಹಿಂದೆ ತಂಬೂರಿ ಇರುವ ಹಾಡಿನಲ್ಲಿ 6 ಸೆಂಟ್ ದಾಟಲು ನಾನು ಬಿಡುವುದಿಲ್ಲ.

ಕೈಯಲ್ಲಿ ಕೀಲಿಮಣೆ · 10:33

ಟ್ಯೂನರ್ ಉಪಾಯ ಈಗಷ್ಟೇ ಮಾಡಿ ನೋಡಿದೆ. ನನ್ನ ಹಳೇ ಪ್ರಾಜೆಕ್ಟ್ ಒಂದರಲ್ಲಿ 30 ಸೆಂಟ್ ಓಡುತ್ತಿದೆ! ಎರಡು ವರ್ಷದಿಂದ ಆ ಹಾಡಲ್ಲಿ ಏನೋ ಸರಿಯಿಲ್ಲ ಅನಿಸುತ್ತಿತ್ತು.

ಪಡುವಣ ಗಾಳಿ · 10:50

ಸುಬ್ಬು ಅವರ ಮಾತಿಗೆ ಒಂದು ಸೇರಿಸುತ್ತೇನೆ. ಅಲೆಯ ಆಕಾರವೂ ಮುಖ್ಯ. ಸೈನ್ ಇದ್ದರೆ ಸ್ವರ ಮೆಲ್ಲಗೆ ಏರಿ ಇಳಿಯುತ್ತದೆ. ತ್ರಿಕೋನದ ಅಲೆ ಇಟ್ಟರೆ ತಡ ಒಂದೇ ವೇಗದಲ್ಲಿ ಹೋಗಿ ಬರುತ್ತದೆ. ಹಾಗಾಗಿ ಪ್ರತಿ ಸ್ವಲ್ಪ ಮೇಲೆ ಒಂದು ಕಡೆ ನಿಲ್ಲುತ್ತದೆ, ಆಮೇಲೆ ಅಷ್ಟೇ ಕೆಳಗೆ ಬಂದು ನಿಲ್ಲುತ್ತದೆ. ಇಬ್ಬರು ಒಂದೇ ಸಾಲನ್ನು ಒಟ್ಟಿಗೆ ಹಾಡಿದ ಹಾಗೆ ಕೇಳಿಸುವುದು ಅದರಿಂದ. 1982ರ ರೋಲಂಡ್ ಜೂನೋ-60ಯ ಕೋರಸ್ ಹೀಗೆ ತ್ರಿಕೋನದ್ದೇ. ಅದಕ್ಕೆ ನಾಬೇ ಇಲ್ಲ, ಬರೀ ಬಟನ್. ಆಫ್, ಒಂದು, ಎರಡು. ರೇಟ್ ಎಷ್ಟಿರಬೇಕು ಅಂತ ಮಾಡಿದವರೇ ಕೂತು ಕೇಳಿ ಗಟ್ಟಿ ಮಾಡಿಬಿಟ್ಟಿದ್ದಾರೆ. ಜನ ಇವತ್ತಿಗೂ ಅದನ್ನು ಹುಡುಕಿಕೊಂಡು ಹೋಗುತ್ತಾರೆ ಮಾರಾಯ್ರೆ.

ಟೊರಾಂಟೊ ತಿಮ್ಮ · 11:08

ಅದೇ ಕಂಪನಿಯ ಜೆಸಿ-120 ಆಂಪ್ ನನ್ನ ಹತ್ತಿರ ಇದೆ. 1975ರಲ್ಲಿ ಬಂದ ಮಾದರಿ. ಅದರ ಸ್ಪೀಡ್, ಡೆಪ್ತ್ ನಾಬುಗಳು ವೈಬ್ರಾಟೊಗೆ ಮಾತ್ರ. ಕೋರಸ್ ಕಡೆಗೆ ಸ್ವಿಚ್ ಹಾಕಿದರೆ ಎರಡೂ ಕೆಲಸ ಮಾಡುವುದಿಲ್ಲ. ಆ ಕೋರಸ್ ಇರುವ ಹಾಗೇ ತೆಗೆದುಕೊಳ್ಳಬೇಕು.

ಅದರ ಒಳಗುಟ್ಟು ಇನ್ನೂ ಚೆಂದ. ಎರಡು ಸ್ಪೀಕರ್ ಇವೆ. ಒಂದರಲ್ಲಿ ಶುದ್ಧ ಗಿಟಾರ್, ಇನ್ನೊಂದರಲ್ಲಿ ಅಲುಗುವ ಗಿಟಾರ್. ಎರಡೂ ಸೇರುವುದು ಕೋಣೆಯ ಗಾಳಿಯಲ್ಲಿ. ಒಂದು ಸ್ಪೀಕರಿಗೆ ಕಿವಿ ಹಚ್ಚಿ ಕೂತರೆ ಕೋರಸ್ಸೇ ಇಲ್ಲ. ನಾಲ್ಕು ಹೆಜ್ಜೆ ಹಿಂದೆ ಬನ್ನಿ, ಗಿಟಾರ್ ಅರಳಿಕೊಳ್ಳುತ್ತದೆ. ಮೊದಲ ದಿನ ಹೀಗೆ ಹಿಂದೆ ಮುಂದೆ ಓಡಾಡಿದ್ದು ಎಷ್ಟೋ ಸಲ. ನಿಮ್ಮ ಮಿಕ್ಸಿನಲ್ಲೂ ಮಾಡಬಹುದು. ಗಿಟಾರನ್ನು ಎಡಕ್ಕೆ ಶುದ್ಧವಾಗಿ ಬಿಡಿ, ಬಲಕ್ಕೆ ಅಲುಗುವ ಪ್ರತಿ ಕಳಿಸಿ.

ಫೋನ್ ಸ್ಪೀಕರ್ ಪರೀಕ್ಷೆ · 11:15

ಮಾಡಿ, ಆದರೆ ಮೋನೋದಲ್ಲಿ ಒಮ್ಮೆ ಕೇಳಲೇಬೇಕು. ನಮ್ಮ ಹಾಡು ಜನ ಕೇಳುವುದು ಫೋನಿನಲ್ಲಿ, ಗಣಪತಿ ಪೆಂಡಾಲಿನ ಸ್ಪೀಕರಿನಲ್ಲಿ. ಎಡ ಬಲ ಎರಡೂ ಒಂದಾದಾಗ ಕೋರಸ್ ಇದ್ದಕ್ಕಿದ್ದ ಹಾಗೆ ದಪ್ಪಗಾಗಿ ಶ್ರುತಿ ಇನ್ನೂ ಜಾಸ್ತಿ ಕದಡಬಹುದು.

ಪ್ಯಾಡಿನ ಟ್ರೆಮೊಲೊ ಸ್ಟೀರಿಯೋನಾ? ಎಡಕ್ಕೂ ಬಲಕ್ಕೂ 180 ಡಿಗ್ರಿ ಫೇಸ್ ವ್ಯತ್ಯಾಸ ಇಟ್ಟಿದ್ದರೆ ಎಡ ಇಳಿದಾಗ ಬಲ ಏರುತ್ತದೆ. ಮೋನೋ ಆದ ತಕ್ಷಣ ಎರಡೂ ಕೂಡಿ ಸಮ. ಟ್ರೆಮೊಲೊ ಮಾಯ. ಒಂದು ಮದುವೆ ವಿಡಿಯೋಗೆ ಪೂರ್ತಿ ಹಿನ್ನೆಲೆ ಸಂಗೀತ ಮಾಡಿಕೊಟ್ಟು, ಹಾಲ್‌ನಲ್ಲಿ ಹಾಕಿದಾಗ ಅಲುಗಾಟವೇ ಇಲ್ಲದ ಪ್ಯಾಡ್ ಕೇಳಿದವನು ನಾನು. ಅವತ್ತಿನಿಂದ ಮೋನೋ ಬಟನ್ ಒತ್ತದೆ ಯಾವ ಫೈಲೂ ಕಳಿಸಿಲ್ಲ.

ಹಾರ್ಮೋನಿಯಂ ಹುಬ್ಬಳ್ಳಿ · 11:31

ಟ್ರೆಮೊಲೊ ಅಂದ ಕೂಡಲೇ ನೆನಪಾತು ನೋಡ್ರಿ. ನಮ್ಮ ಪೆಟ್ಟಿಗೆಯಲ್ಲೂ ಅದು ಇದೆ. ಮುಂದಿನ ನಾಬುಗಳಲ್ಲಿ ಒಂದನ್ನು ಎಳೆದರೆ ಒಳಗೆ ಒಂದು ಸಣ್ಣ ಮುಚ್ಚಳ ಗಾಳಿಗೆ ಪಟಪಟ ಅಂತ ಬಡಿಯುತ್ತದೆ, ದನಿ ನಡುಗುತ್ತದೆ. ನಮ್ಮ ಗುರುಗಳು ಅದನ್ನು ಎಳೆಯಲು ಒಮ್ಮೆಯೂ ಬಿಡಲಿಲ್ಲ. ಗಾಯಕರು ಹಾಡುವಾಗ ಪೆಟ್ಟಿಗೆ ನಡುಗಬಾರದು ಅನ್ನುತ್ತಿದ್ದರು. ಬೇಕಾದರೆ ತಿದಿಯ ಕೈಯಲ್ಲಿ ಮಾಡು, ಎಲ್ಲಿ ಬೇಕೋ ಅಲ್ಲಿ ಮಾಡು, ಎಲ್ಲಿ ಬೇಡವೋ ಅಲ್ಲಿ ನಿಲ್ಲಿಸು ಅಂತ.

ಕೈಯಲ್ಲಿ ಕೀಲಿಮಣೆ · 11:36

ಇದೇ ಮಾತು ಸಾರ್! ನಾನು ಕೀಬೋರ್ಡಿನ ಮಾಡ್ ವೀಲನ್ನು ಕೋರಸ್ಸಿನ ಡೆಪ್ತಿಗೆ ಜೋಡಿಸಿದ್ದೇನೆ. ಮಿಡಿಯಲ್ಲಿ ಅದು ಕಂಟ್ರೋಲರ್ ನಂಬರ್ 1, ಬೆಲೆ 0ಯಿಂದ 127. ಹಾಡು ಓಡಿಸಿ ಎಡಗೈಯಲ್ಲಿ ವೀಲ್ ಹಿಡಿದು ಕೂರುತ್ತೇನೆ. ಸಾಲು ಮುಗಿದು ದನಿ ನಿಂತಾಗ ಏರಿಸುತ್ತೇನೆ, ಹಾಡು ಮತ್ತೆ ಹಿಡಿದಾಗ ಇಳಿಸುತ್ತೇನೆ. ಮೌಸಿನಲ್ಲಿ ಗೆರೆ ಎಳೆದದ್ದಕ್ಕೂ ಕೈಯಲ್ಲಿ ಮಾಡಿದ್ದಕ್ಕೂ ಅಜಗಜಾಂತರ.

ಹಳೇ ಪೆಡಲ್ · ಭಾನುವಾರ ಬೆಳಿಗ್ಗೆ 6:55

ಹೆಸರಿನ ವಿಷಯ ಒಂದು ಹೇಳಿಬಿಡುತ್ತೇನೆ, ಇಲ್ಲಿ ಗೊಂದಲ ಆಗಬಾರದು. ಟ್ರೆಮೊಲೊ ಅಂದರೆ ದನಿಯ ಗಟ್ಟಿತನ ಏರಿಳಿಯುವುದು. ವೈಬ್ರಾಟೊ ಅಂದರೆ ಸ್ವರ ಏರಿಳಿಯುವುದು. ಫೆಂಡರ್ ಕಂಪನಿ ಎರಡನ್ನೂ ತಿರುವುಮುರುವು ಮಾಡಿತು. 1954ರ ಸ್ಟ್ರಾಟೋಕಾಸ್ಟರಿನ ಕಡ್ಡಿಗೆ ಟ್ರೆಮೊಲೊ ಅಂತ ಹೆಸರಿಟ್ಟರು, ಅದು ಬಾಗಿಸುವುದು ಸ್ವರವನ್ನು. ಆಂಪಿನಲ್ಲಿ ಗಟ್ಟಿತನ ಅಲುಗಿಸುವ ಸರ್ಕ್ಯೂಟಿಗೆ ವೈಬ್ರಾಟೊ ಅಂತ ಬರೆದರು. ಹಾಗಾಗಿ ಪ್ಲಗಿನ್ ಮೇಲಿನ ಹೆಸರು ನಂಬಬೇಡಿ. ಟ್ಯೂನರ್ ಹಾಕಿ. ಮುಳ್ಳು ಅಲುಗಿದರೆ ವೈಬ್ರಾಟೊ, ಅಲುಗದಿದ್ದರೆ ಟ್ರೆಮೊಲೊ.

ರಾಗಿಮುದ್ದೆ ರೆಕಾರ್ಡ್ಸ್ · 7:20

ಎಲ್ಲರೂ ಸ್ವರ ಅಲುಗಬಾರದು ಅಂತೀರಲ್ಲ, ನಮ್ಮ ಸಂಗೀತವೇ ಗಮಕದ ಮೇಲೆ ನಿಂತಿದೆ ಅಲ್ವಾ? ಕಂಪಿತ ಅಂದರೆ ಸ್ವರ ಅಲುಗಿಸುವುದೇ ತಾನೆ? ಕೋರಸ್ ಮಾಡಿದರೆ ಮಾತ್ರ ತಪ್ಪಾ?

ಏಳು ತಂತಿ · 7:48

ಕಂಪಿತ ಎಲ್ಲ ಸ್ವರಕ್ಕೂ ಇಲ್ಲ. ತೋಡಿಯ ಗಾಂಧಾರ ಆಡುತ್ತದೆ, ಆಡಲೇಬೇಕು. ಆದರೆ ಅದು ಆಡುವುದು ಅಲುಗದ ಷಡ್ಜ, ಪಂಚಮಗಳ ಎದುರಿಗೆ. ಅವೆರಡೂ ಅಚಲ ಸ್ವರ. ಕೋರಸ್ಸಿಗೆ ಯಾವುದು ಗಾಂಧಾರ, ಯಾವುದು ಪಂಚಮ ಅಂತ ಗೊತ್ತಿಲ್ಲ. ಎಲ್ಲವನ್ನೂ ಒಂದೇ ಗಡಿಯಾರಕ್ಕೆ ಅಲುಗಿಸುತ್ತದೆ. ಹಾಡುವವರು ಗಮಕ ಹಾಕಲು ಊರುವ ನೆಲವನ್ನೇ ಅಲುಗಿಸಿದರೆ ಅವರು ಎಲ್ಲಿ ನಿಲ್ಲಬೇಕು?

ತಂಬೂರಿಯನ್ನು ಗಮನಿಸಿ. ಅದರ ಸ್ವರ ಅಲುಗುವುದಿಲ್ಲ, ಆದರೂ ದನಿ ಒಂದು ಕ್ಷಣವೂ ಸುಮ್ನೆ ಇರುವುದಿಲ್ಲ. ಕುದುರೆಯ ಮೇಲೆ ದಾರವನ್ನು ಕೂದಲೆಳೆಯಷ್ಟು ಸರಿಸಿ ಜೀವಾಳಿ ಹಿಡಿದರೆ ಒಂದೊಂದೇ ಮೇಲಿನ ಸ್ವರ ಎದ್ದು ಬರುತ್ತದೆ, ಕರಗುತ್ತದೆ. ಅದು ಬಣ್ಣದ ಚಲನೆ. ಸಾರಣಿ, ಅನುಸಾರಣಿ ಎರಡು ತಂತಿಗಳ ನಡುವೆ ಅರ್ಧ ಹರ್ಟ್ಜ್ ವ್ಯತ್ಯಾಸ ಇದ್ದರೂ ಎರಡು ಸೆಕೆಂಡಿಗೊಮ್ಮೆ ಅಲೆ ಬರುತ್ತದೆ. ಅದನ್ನು ಹೋಗಲಾಡಿಸಲು ನಾವು ಬಿರಡೆ, ಮಣಿ ಹಿಡಿದು ಕೂರುತ್ತೇವೆ. ಕೋರಸ್ ಹಾಕಿದರೆ ಅದೇ ಅಲೆಯನ್ನು ದುಡ್ಡು ಕೊಟ್ಟು ತಂದ ಹಾಗೆ.

ರಾಗಿಮುದ್ದೆ ರೆಕಾರ್ಡ್ಸ್ · 7:55

ನೆಲದ ಮಾತು ಒಪ್ಪಿದೆ. ಆದರೆ ತಂಬೂರಿ ಇಲ್ಲದ ಹಾಡಿನಲ್ಲಿ 20 ಸೆಂಟ್ ಓಲಾಡಿದರೂ ಸೊಗಸಾಗಿರುತ್ತದೆ. ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಏಳು ತಂತಿ · 7:57

ಅದಕ್ಕೆ ನನ್ನ ತಕರಾರಿಲ್ಲ.

ಪಡುವಣ ಗಾಳಿ · 8:30

ಏಳು ತಂತಿಯವರು ಹೇಳಿದ್ದರಲ್ಲೇ ದಾರಿ ಇದೆ. ಸ್ವರ ಬಿಡಿ, ಬಣ್ಣ ಅಲುಗಿಸಿ. ಪ್ಯಾಡಿಗೆ ಒಂದು ಲೋ ಪಾಸ್ ಫಿಲ್ಟರ್ (ಮೇಲಿನ ಚೂಪು ದನಿ ತಡೆಯುವಂಥದ್ದು) ಹಾಕಿ. ಅದರ ಫ್ರೀಕ್ವೆನ್ಸಿಯನ್ನು ಎಲ್‌ಎಫ್‌ಒ ಬದಲು ಹಾಡುವವರ ದನಿಗೇ ಕಟ್ಟಿ. ಇದಕ್ಕೆ ಎನ್ವಲಪ್ ಫಾಲೋವರ್ ಅನ್ನುತ್ತಾರೆ. 1972ರ ಮ್ಯೂಟ್ರಾನ್ ಪೆಡಲ್ ಇದನ್ನೇ ಮಾಡಿದ್ದು. ತಂತಿ ಗಟ್ಟಿಯಾಗಿ ಮೀಟಿದರೆ ಫಿಲ್ಟರ್ ಬಾಯಿ ತೆರೆಯುತ್ತಿತ್ತು.

ರೀಪರಿನಲ್ಲಿ ಹೀಗೆ ಮಾಡಿ. ಫಿಲ್ಟರಿನ ಫ್ರೀಕ್ವೆನ್ಸಿ ನಾಬನ್ನು ಒಮ್ಮೆ ಮುಟ್ಟಿ. ಎಫೆಕ್ಟ್ ಕಿಟಕಿಯ ಮೇಲೆ ಪ್ಯಾರಮ್ ಅನ್ನುವ ಬಟನ್ ಇದೆ. ಅದರೊಳಗೆ ಪ್ಯಾರಾಮೀಟರ್ ಮಾಡ್ಯುಲೇಷನ್ ತೆರೆದು ಆಡಿಯೋ ಕಂಟ್ರೋಲ್ ಸಿಗ್ನಲ್‌ಗೆ ಟಿಕ್ ಹಾಕಿ. ಅತ್ತಿಗೆಯವರ ಟ್ರ್ಯಾಕಿನಿಂದ ಪ್ಯಾಡಿನ 3, 4ನೇ ಚಾನೆಲಿಗೆ ಸೆಂಡ್ ಕಳಿಸಿ, ಅದನ್ನೇ ಅಲ್ಲಿ ಆರಿಸಿ. ಡೈರೆಕ್ಷನ್ ನೆಗೆಟಿವ್. ಅಟ್ಯಾಕ್ 60 ಮಿಲಿಸೆಕೆಂಡ್, ರಿಲೀಸ್ 500ರಿಂದ ಶುರು ಮಾಡಿ. ಈಗ ಅವರು ಹಾಡುವಾಗ ಪ್ಯಾಡ್ ಮಬ್ಬಾಗಿ ಹಿಂದೆ ಸರಿಯುತ್ತದೆ. ಅವರು ಉಸಿರು ತೆಗೆದುಕೊಳ್ಳುವಾಗ ಮೆಲ್ಲಗೆ ಬೆಳಗುತ್ತದೆ. ಗಡಿಯಾರ ಬೇಡ, ಸಿಂಕ್ ಬೇಡ. ಹಾಡೇ ನಡೆಸುತ್ತದೆ.

ರಿಲೀಸ್ ತೀರಾ ಕಡಿಮೆ ಇಟ್ಟರೆ ಮಾತ್ರ ಅಕ್ಷರ ಅಕ್ಷರಕ್ಕೂ ಫಿಲ್ಟರ್ ಕುಣಿಯುತ್ತದೆ. ಅದೊಂದು ನೋಡಿಕೊಳ್ಳಿ.

ಸರ್ಕ್ಯೂಟು ಸುಬ್ಬು · 9:05

ತಾಳ ತಪ್ಪುವ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಸಿಂಕ್ ಎಷ್ಟಕ್ಕೆ ಇಟ್ಟಿದ್ದೀರಿ?

ಮಳೆಗಾಲದ ಮೈಕು · 9:12

ಅರ್ಧ ನೋಟಿಗೆ. ಅಂದರೆ ನಾಲ್ಕು ಎಂಟನೇ ನೋಟಿಗೊಂದು ಸುತ್ತು.

ಸರ್ಕ್ಯೂಟು ಸುಬ್ಬು · 9:26

ಹಾಗಾದರೆ ಅದೇ ಕಾರಣ. ನಿಮ್ಮ ಆವರ್ತ ಏಳು, ಟ್ರೆಮೊಲೊದ ಸುತ್ತು ನಾಲ್ಕು. ಎರಡೂ ಮತ್ತೆ ಒಂದೇ ಕಡೆ ಸೇರುವುದು 28 ಎಣಿಕೆಗೆ, ಅಂದರೆ ನಾಲ್ಕು ಆವರ್ತಕ್ಕೆ ಒಮ್ಮೆ. ನಡುವಿನ ಮೂರು ಆವರ್ತದಲ್ಲಿ ಸಮ ಒಂದೊಂದು ಕಡೆ ಬೀಳುತ್ತದೆ. ಸಿಂಕ್ ಪಟ್ಟಿಯಲ್ಲಿ ಒಂದು ಬಾರ್ ಅಂತ ಇದ್ದರೂ ಬಹಳ ಪ್ಲಗಿನ್‌ಗಳು ಬಾರ್ ಅಂದರೆ ನಾಲ್ಕು ಬೀಟ್ ಅಂತಲೇ ಹಿಡಿಯುತ್ತವೆ.

ಸಿಂಕ್ ತೆಗೆದು ಹರ್ಟ್ಜಿನಲ್ಲಿ ಕೊಡಿ. 96ರ ಟೆಂಪೋದಲ್ಲಿ ಒಂದು ಎಂಟನೇ ನೋಟು 312.5 ಮಿಲಿಸೆಕೆಂಡ್. ಏಳಕ್ಕೆ 2187.5. ಅದರ ರೇಟ್ 0.457 ಹರ್ಟ್ಜ್. ಮೂರನೇ ಅಂಕಿ ಬಿಡಬೇಡಿ. 0.46 ಅಂತ ದುಂಡು ಮಾಡಿದರೆ ನಾಲ್ಕು ನಿಮಿಷದ ಹಾಡಿನ ಕೊನೆಗೆ ಅರ್ಧ ಸುತ್ತಿಗಿಂತ ಜಾಸ್ತಿ ಜಾರಿರುತ್ತದೆ. ಶುರುವಿನಲ್ಲಿ ಸಮಕ್ಕೆ ಏರುತ್ತಿದ್ದದ್ದು ಕೊನೆಗೆ ಸಮಕ್ಕೆ ಇಳಿಯುತ್ತಿರುತ್ತದೆ.

ರಾಗಿಮುದ್ದೆ ರೆಕಾರ್ಡ್ಸ್ · 9:34

ನಾಲ್ಕು ಆವರ್ತಕ್ಕೊಮ್ಮೆ ಸೇರುವುದೇ ಚೆಂದ ಅಲ್ವಾ? ತನಿ ಆವರ್ತನದಲ್ಲಿ ಲೆಕ್ಕ ಬಿಟ್ಟು ಕೊನೆಗೆ ಸಮಕ್ಕೆ ಬಂದು ಕೂಡುವ ಹಾಗೆ.

ಸರ್ಕ್ಯೂಟು ಸುಬ್ಬು · 9:41

ಮೃದಂಗದವರು ಅದನ್ನು ಬೇಕು ಅಂತ ಮಾಡುತ್ತಾರೆ, ಕೇಳುವವರಿಗೂ ಗೊತ್ತಾಗುವ ಹಾಗೆ ಮಾಡುತ್ತಾರೆ. ಮೆಲ್ಲಗಿನ ಭಾವಗೀತೆಯ ಹಿಂದೆ ಪ್ಯಾಡ್ ಹಾಗೆ ಮಾಡಿದರೆ ಗಮನ ಮಾತಿನಿಂದ ಆಚೆ ಹೋಗುತ್ತದೆ. ಸಾಹಿತ್ಯ ಮುಖ್ಯ ಇರುವ ಹಾಡು ಇದು.

ಬಾಸ್‌ಲೈನ್ ಬಸವನಗುಡಿ · 10:02

ಇನ್ನೊಂದು ಎಚ್ಚರಿಕೆ. ಇದು ನನಗೆ ಆದದ್ದು. ಮಿಕ್ಸ್ ಓಕೆ ಆಗಿ ಫೈಲ್ ತೆಗೆದೆ. ಹಾಡಿದವರು ಒಂದು ಪದ ತಿದ್ದಿ ಅಂದರು. ತಿದ್ದಿ ಮತ್ತೆ ತೆಗೆದರೆ ಫೇಸರ್ ಬೇರೆ ಕಡೆ ಬಿದ್ದಿದೆ, ಮೊದಲ ಸಾಲಿನ ಸೊಬಗೇ ಹೋಗಿದೆ. ಎಲ್‌ಎಫ್‌ಒ ತನ್ನಷ್ಟಕ್ಕೆ ಓಡುತ್ತಿತ್ತು. ರೀಪರಿನ ಎಲ್‌ಎಫ್‌ಒದಲ್ಲಿ ಫೇಸ್ ರೀಸೆಟ್ ಅಂತ ಇದೆ. ಫ್ರೀ ರನ್ನಿಂಗ್ ಬೇಡ, ಸೀಕ್ ಆದಾಗ ಮೊದಲಿನಿಂದ ಶುರುವಾಗುವುದನ್ನು ಆರಿಸಿ. ಆ ಸೌಲಭ್ಯ ಇಲ್ಲದ ಪ್ಲಗಿನ್ ಆದರೆ, ಇಷ್ಟವಾದ ಓಟ ಬಂದ ಕೂಡಲೇ ಆ ಟ್ರ್ಯಾಕನ್ನು ಆಡಿಯೋ ಮಾಡಿ ಇಟ್ಟುಕೊಂಡುಬಿಡಿ.

ಟೊರಾಂಟೊ ತಿಮ್ಮ · 10:20

ರೇಟನ್ನೇ ಅಲುಗಿಸುವ ಬಗ್ಗೆ ಯಾರೂ ಹೇಳಲಿಲ್ಲ. ಲೆಸ್ಲಿ ಸ್ಪೀಕರ್ ನೋಡಿದ್ದೀರಾ? ಮೇಲೆ ತಿರುಗುವ ಕೊಳವೆ, ಕೆಳಗೆ ತಿರುಗುವ ಡ್ರಮ್. ನಿಧಾನ, ವೇಗ ಅಂತ ಎರಡೇ ಸ್ವಿಚ್. ಆದರೆ ಸ್ವಿಚ್ ಹಾಕಿದ ಕೂಡಲೇ ವೇಗ ಬರುವುದಿಲ್ಲ. ಹಗುರವಾದ ಕೊಳವೆ ಮೊದಲು ಓಡುತ್ತದೆ, ಭಾರದ ಡ್ರಮ್ ಆಮೇಲೆ ಬಂದು ಸೇರಿಕೊಳ್ಳುತ್ತದೆ. ಆರ್ಗನ್ ನುಡಿಸುವವರು ಕಾಯುವುದೇ ಆ ಎರಡು ಮೂರು ಸೆಕೆಂಡಿಗೆ. ಪಲ್ಲವಿಯಿಂದ ಚರಣಕ್ಕೆ ಹೋಗುವಾಗ ಹಾಗೆ ರೇಟನ್ನು ಮೆಲ್ಲಗೆ ಏರಿಸಿ ನೋಡಿ. ಚರಣದಲ್ಲಿ ಹೊಸ ವಾದ್ಯ ಸೇರಿಸುವ ಅಗತ್ಯವೇ ಬರುವುದಿಲ್ಲ.

ಹಳೇ ಪೆಡಲ್ · 10:44

ಕೊಳಲಿನ ರಿವರ್ಬ್ ಬಾಕಿ ಇದೆ. ರಿವರ್ಬಿನಲ್ಲಿ ಮಾಡ್ಯುಲೇಷನ್ ಇಟ್ಟಿರುವುದು ಬಾಲದಲ್ಲಿ ತಗಡಿನ ಹಾಗೆ ಟಿಂಗ್ ಅನ್ನುವುದನ್ನು ಅಳಿಸಲು. ಒಳಗಿನ ಡಿಲೇಗಳನ್ನು ಸ್ವಲ್ಪ ಸ್ವಲ್ಪ ಅಲುಗಿಸಿದರೆ ಯಾವ ಒಂದು ಸ್ವರವೂ ಗಂಟು ಕಟ್ಟಿಕೊಳ್ಳುವುದಿಲ್ಲ. ಅರ್ಧಕ್ಕೆ ತಿರುಗಿಸಿದರೆ ಬಾಲವೇ ಅಪಸ್ವರ. ಉದ್ದನೆಯ ಪಂಚಮ ಊದಿ ನಿಲ್ಲಿಸಿದ ಮೇಲೆ ಬಾಲ ಮಾತ್ರ ಕೇಳಿ. ತಗಡು ಹೋಗುವಷ್ಟು ಏರಿಸಿ, ಅಲ್ಲಿಗೆ ಬಿಡಿ. ಹತ್ತು ಶೇಕಡಾದ ಆಸುಪಾಸಿಗೆ ಬಂದು ನಿಲ್ಲುತ್ತೀರಿ.

ಮಳೆಗಾಲದ ಮೈಕು · ಭಾನುವಾರ ರಾತ್ರಿ 8:50

ಇಡೀ ದಿನ ಕೂತು ಎಲ್ಲವನ್ನೂ ಮಾಡಿದೆ. ತಂಬೂರಿಗೆ ಏನೂ ಇಲ್ಲ, ಬರೀ ತಂಬೂರಿ. ಗಿಟಾರಿನ ಕೋರಸ್ 0.25 ಹರ್ಟ್ಜ್, ಡೆಪ್ತ್ ಅದೇ 2, ಮಿಕ್ಸ್ 30. ಟ್ಯೂನರಿನಲ್ಲಿ ಮುಳ್ಳು 5, 6 ಸೆಂಟ್ ಒಳಗೇ ಇದೆ. ಮೋನೋದಲ್ಲೂ ಕೇಳಿದೆ, ಸರಿ ಇದೆ. ಪ್ಯಾಡಿನ ಫಿಲ್ಟರನ್ನು ಅತ್ತಿಗೆಯ ದನಿಗೆ ಕಟ್ಟಿದೆ. ರಿಲೀಸ್ 500 ಸಾಲಲಿಲ್ಲ, 900ಕ್ಕೆ ಬಂದ ಮೇಲೆ ಕೂತಿತು. ಅದು ಬಂದ ಮೇಲೆ ಟ್ರೆಮೊಲೊ ಬೇಕು ಅನಿಸಲಿಲ್ಲ. 0.457ರಲ್ಲಿ ಇಟ್ಟು ನೋಡಿ, ತಾಳಕ್ಕೆ ಸರಿಯಾಗಿ ಬಿದ್ದದ್ದು ಕೇಳಿ, ಆಮೇಲೆ ತೆಗೆದೆ. ರಿವರ್ಬ್ 12ಕ್ಕೆ ನಿಂತಿತು.

ಸಂಜೆ ಅತ್ತಿಗೆ ಕೇಳಿದರು. ಈ ಸಲ ಹೆಡ್‌ಫೋನ್ ತೆಗೆಯಲಿಲ್ಲ. ಎರಡನೇ ಸಾಲಿಗೆ ಬಲಗೈ ತೊಡೆಯ ಮೇಲೆ ತಾಳ ಹಾಕಲು ಶುರು ಮಾಡಿತು. ಮುಗಿದ ಮೇಲೆ ಅವರು ಕೇಳಿದ್ದು ಒಂದೇ: "ನಾನು ಉಸಿರು ತೆಗೆದುಕೊಂಡಾಗ ಹಿಂದೆ ಏನೋ ಬೆಳಗುತ್ತದಲ್ಲ, ಅದೇನು?" ಆಮೇಲೆ ಚರಣದಲ್ಲಿ ಕೊಳಲು ಜೋರಾಯಿತು ಅಂದರು. ಇಳಿಸುತ್ತೇನೆ.

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಡುವಣ ಗಾಳಿ ಅವರಿಗೆ ಇನ್ನೊಂದು ಸಲ.

ಪಡುವಣ ಗಾಳಿ · 9:03

ಖುಷಿಯಾಯಿತು. 900 ಅಂದಿರಲ್ಲ, ಆ ನಿಧಾನದ ಹಾಡಿಗೆ ಅದೇ ಸರಿ. ಕೊಳಲನ್ನೂ ಅದೇ ಸೆಂಡಿಗೆ ಕಟ್ಟಿದರೆ ಕೈಯಲ್ಲಿ ಇಳಿಸುವ ಕೆಲಸ ತಪ್ಪುತ್ತದೆ. ಫಿಲ್ಟರ್ ಬೇಡ, ಅದರ ವಾಲ್ಯೂಮಿಗೆ ಕಟ್ಟಿ.

ಹಾರ್ಮೋನಿಯಂ ಹುಬ್ಬಳ್ಳಿ · 9:10

ತಂಬೂರಿ ಯಾವ ಆ್ಯಪ್‌ನದ್ರಿ?

ಮಳೆಗಾಲದ ಮೈಕು · 9:14

ಆ್ಯಪ್ ಅಲ್ಲ ಸಾರ್. ಅತ್ತಿಗೆಯ ತಾಯಿಯವರ ತಂಬೂರಿ. ಪಕ್ಕದ ಕೋಣೆಯಲ್ಲಿ ಮೈಕ್ ಇಟ್ಟು, ಫ್ಯಾನ್ ಆಫ್ ಮಾಡಿ, ಅವರೇ ಕೂತು ನಾಲ್ಕು ನಿಮಿಷ ಮೀಟಿಕೊಟ್ಟರು.

ಏಳು ತಂತಿ · 9:16

ಅದರ ಮೇಲೆ ಕೋರಸ್ ಹಾಕಿದ್ದಿರಾ!